ಕೋಸಲಿ ಪುಸ್ತಕದ ಮುಖಪುಟ ಕಿತ್ತವಳು

ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ ಎಂದ ತಕ್ಷಣ ಜನ ಕೇಳುವ ಪ್ರಶ್ನೆ ಒಂದೇ: "ಹಾಗಾದ್ರೆ ದಿನವೆಲ್ಲಾ ಪುಸ್ತಕ ಓದ್ಕೊಂಡು ಕೂತಿರ್ತಿದ್ರಾ?" ಮಿಠಾಯಿ ಅಂಗಡಿಯವನನ್ನು ದಿನವೆಲ್ಲಾ ಜಿಲೇಬಿ ತಿನ್ನುತ್ತಿದ್ದೆಯಾ ಎಂದು ಯಾರೂ ಕೇಳುವುದಿಲ್ಲ. ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ಗ್ರಂಥಾಲಯದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕ್ಯಾಟಲಾಗರ್ ಆಗಿದ್ದೆ. ಭಾರತದಿಂದ ಬಂದ ಪುಸ್ತಕದ ಹೆಸರೇನು, ಬರೆದವರು ಯಾರು, ಯಾವ ಭಾಷೆ, ಯಾವ ವಿಷಯ, ಎಷ್ಟು ಪುಟ ಎಂದು ಒಂದು ದಾಖಲೆ ಬರೆದು, ಕಪಾಟಿನಲ್ಲಿ ಅದಕ್ಕೊಂದು ಜಾಗ ಗೊತ್ತುಮಾಡುವುದು ನನ್ನ ಕೆಲಸ. ಓದುತ್ತ ಕೂತರೆ ಕೆಲಸ ಹೋಗುತ್ತಿತ್ತು.

ಈಗ ಈ ಕೆಲಸಕ್ಕೆ ಸೇರುತ್ತಿರುವ ನಮ್ಮ ಹುಡುಗಿಯರು ಒಬ್ಬಿಬ್ಬರು ಸಿಕ್ಕಾಗಲೆಲ್ಲ "ಟಿಪ್ಸ್ ಕೊಡಿ ಆಂಟಿ" ಎನ್ನುತ್ತಾರೆ. ಟಿಪ್ಸು ಕೊಡುವಷ್ಟು ಜಾಣತನ ನನ್ನಲ್ಲಿಲ್ಲ. ಮಾಡಿದ ತಪ್ಪುಗಳಿವೆ, ಬೇಕಾದಷ್ಟಿವೆ, ಅವುಗಳಲ್ಲಿ ಕೆಲವನ್ನು ಕೊಡುತ್ತೇನೆ. ಬಡ್ತಿ, ಸನ್ಮಾನ, ಹೂವಿನ ಬೊಕ್ಕೆ ಇವುಗಳ ಕಥೆ ಬೇಕಿದ್ದರೆ ನಮ್ಮವರನ್ನು ಕೇಳಿ. ಅವರು ನನಗೆ ಬಾರದ ಬಡ್ತಿಗಳನ್ನೂ ಸೇರಿಸಿ ಹೇಳುತ್ತಾರೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಡೊರೊಥಿ ಎಂಬ ಹಿರಿಯ ಹೆಂಗಸು. ಬೆಳ್ಳಿ ಕೂದಲು, ಕೊರಳಿಗೆ ದಾರದಲ್ಲಿ ಕಟ್ಟಿದ ಕನ್ನಡಕ, ನಗುವೇ ಇಲ್ಲದ ಮುಖ. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಬೈಗುಳ ಕನ್ನಡದಲ್ಲಿ ಚೆನ್ನಾಗಿ ಕೂಡುತ್ತದೆ. ಮೊದಲ ದಿನವೇ ನನ್ನ ಮುಂದೆ ಎರಡು ಪುಸ್ತಕ ಇಟ್ಟರು. ಒಂದು ಕನ್ನಡದ್ದು, ಇನ್ನೊಂದು ಒಡಿಯಾದ್ದು.

"ಇದು ಬರುತ್ತದೆ ತಾನೇ?" ಎಂದರು, ಕನ್ನಡದ ಪುಸ್ತಕ ತೋರಿಸಿ.

"ಬರುತ್ತದೆ."

"ಹಾಗಾದರೆ ಇದೂ ಬರಬೇಕು. ಎರಡೂ ದುಂಡಗಿವೆ."

ಧಾರವಾಡದಿಂದ ಬಂದು ಆರು ತಿಂಗಳಾಗಿದ್ದ ನನಗೆ ಇಲ್ಲ ಎನ್ನಲು ಧೈರ್ಯವಿರಲಿಲ್ಲ. ಆವತ್ತಿನಿಂದ ಒಡಿಯಾ ನನ್ನ ಪಾಲಿಗೆ ಬಂತು. ಮಕ್ಕಳ ಅಕ್ಷರಮಾಲೆಯ ಚಿತ್ರಪಟವೊಂದನ್ನು ಮೇಜಿನ ಮುಂದೆ ಅಂಟಿಸಿಕೊಂಡು, ಆನೆ, ಆಮೆ, ಒಂಟೆ ನೋಡುತ್ತ ಒಡಿಯಾ ಕಲಿತೆ. ಕಲಿತೆ ಎಂದರೆ ಬಸ್ಸಿನ ಬೋರ್ಡು ಓದುವಷ್ಟು. ಒಮ್ಮೆ ಮುಖಪುಟದ ಮೇಲೆ ಜೋಡೆತ್ತು, ನೇಗಿಲು ಕಂಡು ಒಂದು ಪುಸ್ತಕವನ್ನು ಬೇಸಾಯದ ವಿಭಾಗಕ್ಕೆ ಹಾಕಿಬಿಟ್ಟೆ. ಅದು ದೇವರನಾಮಗಳ ಪುಸ್ತಕ. ಎರಡು ವರ್ಷ ಆ ದೇವರು ರಸಗೊಬ್ಬರದ ಪಕ್ಕದಲ್ಲಿ ನಿಂತಿದ್ದ. ಕೊನೆಗೆ ಒಬ್ಬ ಸಂಶೋಧಕ ಬಂದು ಬಿಡಿಸಿಕೊಂಡು ಹೋದ.

ಕೋಸಲಿಯ ಪರಿಚಯವಾದದ್ದು ಇದೇ ಕಾಲದಲ್ಲಿ. ಒಡಿಶಾದ ಒಬ್ಬ ಪುಸ್ತಕ ವ್ಯಾಪಾರಿ ಹಳೆಯ ತೆಳು ಪುಸ್ತಿಕೆಗಳ ಒಂದು ಪೆಟ್ಟಿಗೆ ಕಳಿಸಿದ್ದ. ಹದಿನಾರು ಪುಟ, ಇಪ್ಪತ್ತು ಪುಟ, ಸಂತೆಯಲ್ಲಿ ಮಾರುವಂಥವು. ಅಕ್ಷರ ಒಡಿಯಾದ್ದೇ. ಓದಲು ಹೋದರೆ ಎರಡು ಸಾಲಿಗೊಂದು ವಿಚಿತ್ರ ಪದ. ನಿಘಂಟು ತಿರುವಿದೆ, ಇಲ್ಲ. ಇನ್ನೊಂದು ತಿರುವಿದೆ, ಅಲ್ಲೂ ಇಲ್ಲ. ನನಗೆ ಬಾರದ್ದು ಎಂದು ಒಪ್ಪಿಕೊಳ್ಳುವ ವಯಸ್ಸು ಅದಲ್ಲ. "ನೀವು ಕಳಿಸಿದ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳು ವಿಪರೀತ, ಬೇರೆ ಪ್ರತಿ ಕಳಿಸಿ" ಎಂದು ವ್ಯಾಪಾರಿಗೆ ಖಡಕ್ಕಾಗಿ ಪತ್ರ ಬರೆದೆ.

ಅವನ ಉತ್ತರ ಬಂತು. ಬಹಳ ಮರ್ಯಾದೆಯ ಮನುಷ್ಯ. "ಮೇಡಂ, ಅದು ತಪ್ಪಲ್ಲ, ಕೋಸಲಿ. ನಮ್ಮ ಪಶ್ಚಿಮದ ಕಡೆ ಲಕ್ಷಾಂತರ ಜನ ಈ ತಪ್ಪಿನಲ್ಲೇ ಮಾತಾಡುತ್ತಾರೆ" ಎಂದು ಬರೆದಿದ್ದ.

ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಯಾರು? ಧಾರವಾಡದವಳು. ಮೈಸೂರಿನ ಕಡೆಯ ಮೇಷ್ಟ್ರೊಬ್ಬರು ಕಾಲೇಜಿನಲ್ಲಿ ನನ್ನ "ಹೋಗಾಕ್ಹತ್ತೀನಿ, ಬರಾಕ್ಹತ್ತೀನಿ"ಗಳನ್ನು ಇಡೀ ಕ್ಲಾಸಿನೆದುರು ತಿದ್ದಿ ನಗಿಸಿದ್ದರು. ಹಾಸ್ಟೆಲ್ಲಿಗೆ ಬಂದು ಅತ್ತಿದ್ದೆ. ಅಂಥವಳು ಒಂದು ಇಡೀ ಸೀಮೆಯ ಮಾತನ್ನು ಅಚ್ಚಿನ ತಪ್ಪು ಎಂದುಬಿಟ್ಟಿದ್ದೆ.

ಸಂಬಲ್ಪುರ, ಬಲಾಂಗೀರ್ ಕಡೆ ಮನೆಯಲ್ಲಿ, ಹೊಲದಲ್ಲಿ, ಜಗಳದಲ್ಲಿ, ಜೋಗುಳದಲ್ಲಿ ಆಡುವ ಮಾತು ಕೋಸಲಿ. ಸಂಬಲ್ಪುರಿ ಎಂದೂ ಕರೆಯುತ್ತಾರೆ. ಅದು ಒಡಿಯಾದ ಒಂದು ಬಗೆಯೋ, ಬೇರೆಯೇ ಭಾಷೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ನಾನು ಅದರಲ್ಲಿ ತಲೆ ಹಾಕುವುದಿಲ್ಲ, ತಲೆ ಹಾಕಿ ಕೆಡಿಸಿಕೊಂಡದ್ದೇ ಸಾಕಷ್ಟಿದೆ. ಹಾಡು, ಒಗಟು, ಕಥೆಗಳು ಎಷ್ಟೋ ತಲೆಮಾರು ಬಾಯಿಂದ ಬಾಯಿಗೆ ನಡೆದವು. ಅಚ್ಚಿನ ಮುಖ ಕಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಒಂದು ವಾರಪತ್ರಿಕೆಯಲ್ಲಿ, ಅದೂ 'ನಮ್ಮ ಕಡೆಯ ಹಳೆಯ ಮಾತಿನ ಮಾದರಿ ನೋಡಿ' ಎಂಬಂತೆ. ಮದುವೆ ಮನೆಯ ಪಂಕ್ತಿಯಲ್ಲಿ ಕೊನೆಯ ಎಲೆ ಹಾಕಿ ಕೂರಿಸಿದ ಹಾಗೆ. ಆಮೇಲೆ ಬಹಳ ಕಾಲ ಅಲ್ಲೊಂದು ಇಲ್ಲೊಂದು. ನನ್ನ ಪೆಟ್ಟಿಗೆಯಲ್ಲಿ ಬಂದವನ್ನು ಬರೆದವರಲ್ಲಿ ಹೆಚ್ಚಿನವರು ಶಾಲೆಯ ಮೇಷ್ಟ್ರುಗಳು. ಹಗಲು ಮಕ್ಕಳಿಗೆ ಶುದ್ಧ ಒಡಿಯಾ ಕಲಿಸಿ, ಮನೆಗೆ ಬಂದು ಕೋಸಲಿಯಲ್ಲಿ ಪದ್ಯ ಕಟ್ಟಿ, ಜನ ನಕ್ಕಾರು ಎಂದು ಎಷ್ಟೋ ಸಲ ಹೆಸರು ಹಾಕದೆ ಅಚ್ಚು ಹಾಕಿಸಿದವರು. ಹೆಸರು ಎಲ್ಲಾದರೂ ಇದ್ದರೆ ಅದು ಮುಖಪುಟದ ಒಂದು ಮೂಲೆಯಲ್ಲಿ, ಅಥವಾ ಹಿಂಬದಿಯ ಹಾಳೆಯಲ್ಲಿ, ತಲೆನೋವಿನ ಎಣ್ಣೆಯ ಜಾಹೀರಾತಿನ ಕೆಳಗೆ.

ಇದನ್ನು ಈಗ ಇಷ್ಟು ನಿಖರವಾಗಿ ಹೇಳುತ್ತಿದ್ದೇನೆ. ಆಗ ಗೊತ್ತಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಆ ಕಾಲದ ನಮ್ಮ ಪದ್ಧತಿ ಕೇಳಿ. ತೆಳು ಪುಸ್ತಿಕೆಗಳು ಕಪಾಟಿನಲ್ಲಿ ನಿಲ್ಲುವುದಿಲ್ಲ, ಬಾಗುತ್ತವೆ, ಕಳೆದುಹೋಗುತ್ತವೆ. ಅದಕ್ಕೆ ಅವನ್ನು ಗಟ್ಟಿ ರಟ್ಟು ಹಾಕಿಸಲು ಬೈಂಡಿಂಗಿಗೆ ಕಳಿಸಬೇಕು. ಕಳಿಸುವ ಮುಂಚೆ ಕ್ಯಾಟಲಾಗರ್ ಆದವಳು ಹರಿದ ಮುಖಪುಟ, ಜಾಹೀರಾತಿನ ಹಾಳೆ ಎಲ್ಲವನ್ನೂ ಕಿತ್ತು ಬುಟ್ಟಿಗೆ ಹಾಕಿ, ಒಳಗಿನ ಪುಟಗಳನ್ನಷ್ಟೇ ಕಟ್ಟಿಡಬೇಕು. ದಾಖಲೆಗೆ ಬೇಕಾದ ವಿವರವನ್ನು ಒಳಗಿನ ಶೀರ್ಷಿಕೆ ಪುಟದಿಂದಲೇ ತೆಗೆದುಕೊಳ್ಳಬೇಕು, ಮುಖಪುಟ ನಂಬಬಾರದು. ಡೊರೊಥಿ ಹೇಳುತ್ತಿದ್ದರು: "ನಾವು ಪುಸ್ತಕ ಸಂಗ್ರಹಿಸುತ್ತೇವೆ ಶಾರದಾ, ಹೊದಿಕೆಯನ್ನಲ್ಲ. ಬಾಳೆಹಣ್ಣು ಕೊಂಡವರು ಸಿಪ್ಪೆ ಜೋಪಾನ ಮಾಡುತ್ತಾರೆಯೇ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು. ಕಿತ್ತೆ. ಬಹಳ ನೀಟಾಗಿ ಕಿತ್ತೆ, ಸ್ಕೇಲು ಇಟ್ಟು. ಡೊರೊಥಿ ಅಪರೂಪಕ್ಕೆ ನನ್ನನ್ನು ಹೊಗಳಿದ್ದು ಅದೊಂದು ವಿಷಯಕ್ಕೇ.

ವರ್ಷಗಳು ಕಳೆದವು. ಕಾರ್ಡಿನ ಡ್ರಾಯರುಗಳು ಹೋಗಿ ಕಂಪ್ಯೂಟರು ಬಂತು. ಮೊದಲು ಎಲ್ಲ ಭಾಷೆಯ ಹೆಸರನ್ನೂ ರೋಮನ್ ಅಕ್ಷರದಲ್ಲೇ ಬರೆಯಬೇಕಿತ್ತು, ಆಮೇಲೆ ಆಯಾ ಲಿಪಿಯಲ್ಲೇ ಬರೆಯುವ ಸೌಕರ್ಯ ಬಂತು. ಮುಖಪುಟ ಕೀಳುವ ಪದ್ಧತಿಯೂ ನಿಂತಿತು. ಈಗ ಅದನ್ನು ಜೋಪಾನವಾಗಿ ಒಳಗೇ ಸೇರಿಸಿ ಕಟ್ಟುತ್ತಾರೆ. ಡೊರೊಥಿ ನಿವೃತ್ತರಾದರು, ಅವರ ಕುರ್ಚಿಗೆ ಇಬ್ಬರು ಮೂವರು ಬಂದು ಹೋದರು, ಕೊನೆಗೆ ಅನಘಾ ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಪ್ಪ ಅಮ್ಮ ಹಾಸನದ ಕಡೆಯವರು. ಮೀಟಿಂಗಿನಲ್ಲಿ ನನ್ನನ್ನು "ಶಾರದಾ" ಎನ್ನುವಳು, ಕಾರಿಡಾರಿನಲ್ಲಿ "ಆಂಟಿ" ಎನ್ನುವಳು. ಬೈಯುವುದಿದ್ದರೆ ಮೀಟಿಂಗಿನಲ್ಲಿ, ಚಕ್ಕುಲಿ ಕೇಳುವುದಿದ್ದರೆ ಕಾರಿಡಾರಿನಲ್ಲಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡುವಾಗ ಅರ್ಧಕ್ಕೆ ಇಂಗ್ಲಿಷಿಗೆ ಹತ್ತಿಬಿಡುತ್ತಾಳೆ.

ನಾನು ನಿವೃತ್ತಳಾಗಲು ಒಂದು ತಿಂಗಳಿತ್ತು. ಆಗ ದುಷ್ಮಂತ ಬಾಬು ಬಂದರು.

ಎಂಬತ್ತರ ಹತ್ತಿರದ ಮುದುಕರು. ಮೇಲೆ ಮಗಳ ಕಂಪನಿಯ ಹೆಸರಿನ ದಪ್ಪ ಜಾಕೆಟ್ಟು, ಕೆಳಗೆ ಇಸ್ತ್ರಿ ಮಾಡಿದ ಬಿಳಿ ಪೈಜಾಮ. ಬಲಾಂಗೀರಿನ ಹತ್ತಿರದ ಊರಿನವರು, ನಿವೃತ್ತ ಶಾಲಾ ಮೇಷ್ಟ್ರು, ಊರಿಂದ ಗಂಟೆ ದೂರದ ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ಮಗಳ ಮನೆಯಲ್ಲಿ ಇದ್ದರು. ಮಗಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದಕ್ಕೆ ಕೆಲಸಕ್ಕೆ ಹೋಗುವಾಗ ತಂದೆಯನ್ನು ಅಲ್ಲಿ ಟ್ರೇನಿಗೆ ಹತ್ತಿಸಿದ್ದಳು. ಅವರು ಹಿಂದಿಯಲ್ಲಿ, ನಾನು ನನ್ನ ಬಸ್‌ಬೋರ್ಡಿನ ಒಡಿಯಾದಲ್ಲಿ ಮಾತಾಡಿದೆವು. ನನ್ನ ಒಡಿಯಾ ಕೇಳಿ ಅವರು, "ತಾಯಿ, ನೀವು ಪಂಚಾಂಗ ಓದಿದ ಹಾಗೆ ಮಾತಾಡ್ತೀರಿ" ಎಂದರು. ಸಂತೋಷದಿಂದಲೇ ಹೇಳಿದರು ಎಂದು ನಾನು ನಂಬಿದ್ದೇನೆ.

ಕೈಯಲ್ಲಿ ಒಂದು ಚೀಟಿ. ಅದರಲ್ಲಿ ನಮ್ಮಲ್ಲಿದ್ದ ಒಂದು ಪುಸ್ತಿಕೆಯ ಸಂಖ್ಯೆ. ತರಿಸಿ ಕೊಟ್ಟೆ. ನನ್ನ ಮೊದಲ ಪೆಟ್ಟಿಗೆಯದೇ. ಕಂದು ರಟ್ಟು, ಒಳಗೆ ಹದಿನಾರು ಪುಟ ಹಾಡು. ನನ್ನ ದಾಖಲೆಯಲ್ಲಿ 'ಜಾನಪದ ಗೀತೆಗಳು, ಕರ್ತೃ ತಿಳಿದಿಲ್ಲ' ಎಂದಿತ್ತು. ಮುದುಕರು ರಟ್ಟು ತೆರೆದರು, ಮುಚ್ಚಿದರು. ಹಿಂದಿನಿಂದ ತೆರೆದರು. ಮತ್ತೆ ಮುಂದಿನಿಂದ.

"ಇದರ ಮುಖಪುಟ ಎಲ್ಲಿ, ತಾಯಿ? ಹಳದಿ ಬಣ್ಣದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. "ಯಾಕೆ ಬಾಬು?" ಎಂದೆ.

ಅವರು ಹೇಳಿದ್ದು ಇಷ್ಟು. ಇದು ಜಾನಪದವಲ್ಲ, ಅವರ ತಾಯಿ ಸುಕಾಂತಿ ದೇಯಿ ಕಟ್ಟಿದ ಹಾಡುಗಳು. ಅಪ್ಪ ಅಚ್ಚು ಹಾಕಿಸಿದರು. ಒಳಗಿನ ಪುಟದಲ್ಲಿ ಹೆಂಗಸಿನ ಹೆಸರು ಹಾಕಲು ಪ್ರೆಸ್ಸಿನ ಮಾಲೀಕ ಒಪ್ಪಲಿಲ್ಲ. ಅಪ್ಪ ಜಗಳ ಮಾಡಿ ಮುಖಪುಟದ ಕೆಳಗೆ ಹಾಕಿಸಿದರು. ಹಾಡುಗಳು ಆ ಕಡೆಯೆಲ್ಲ ಹಬ್ಬಿ, ಮದುವೆ ಮನೆಗಳಲ್ಲಿ ಹಾಡಿ ಹಾಡಿ, ಯಾರದೂ ಅಲ್ಲದ ಹಾಡುಗಳಾದವು. ಮನೆಯಲ್ಲಿದ್ದ ಪ್ರತಿ ಗೆದ್ದಲಿನ ಪಾಲಾಯಿತು. ಈಗ ಸಂಬಲ್ಪುರದ ಒಬ್ಬ ಪ್ರೊಫೆಸರರು ಕೋಸಲಿ ಸಾಹಿತ್ಯದ ಆರಂಭದ ಚರಿತ್ರೆ ಬರೆಯುತ್ತಿದ್ದಾರೆ, ಪುಸ್ತಕ ಅಚ್ಚಿಗೆ ಹೋಗುವುದರಲ್ಲಿದೆ. ಮಗನ ಬಾಯಿಮಾತು ಸಾಲದು, ಹೆಸರಿರುವ ಒಂದು ಪ್ರತಿ ತೋರಿಸಿ, ಮೊದಲ ಕವಿಗಳ ಅಧ್ಯಾಯಕ್ಕೆ ಸೇರಿಸುತ್ತೇನೆ, ಇಲ್ಲದಿದ್ದರೆ ಜಾನಪದ ಎಂದೇ ಇರಲಿ ಎಂದಿದ್ದಾರೆ. ಇಡೀ ಪ್ರಪಂಚದಲ್ಲಿ ಹುಡುಕಿದರೆ ಸಿಕ್ಕ ಪ್ರತಿ ಇದೊಂದೇ.

"ನನಗೂ ವಯಸ್ಸಾಯಿತು" ಎಂದರು. "ನನ್ನ ನಂತರ ಅವಳ ಹೆಸರು ಹೇಳುವವರು ಯಾರೂ ಇಲ್ಲ."

ಸುಳ್ಳು ಹೇಳಲು ಎರಡು ಕ್ಷಣ ನೋಡಿದೆ. ಆಗಲಿಲ್ಲ. "ಬಾಬು, ಮುಖಪುಟ ಕಿತ್ತು ಬಿಸಾಡಿದವಳು ನಾನೇ" ಎಂದೆ. ಪದ್ಧತಿ ಹೇಳಿದೆ, ಡೊರೊಥಿಯ ಬಾಳೆಹಣ್ಣನ್ನೂ ಹೇಳಿದೆ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ರಟ್ಟು ಮುಚ್ಚಿಟ್ಟು, "ಹಾಗಾದರೆ ಕಿತ್ತಾಗ ನೋಡಿರಬೇಕಲ್ಲ, ತಾಯಿ? ಕೆಳಗೆ ಹೆಸರಿತ್ತು ಎಂದು ನಿಮಗೆ ನೆನಪಿರಬೇಕು. ಒಂದು ಪತ್ರ ಬರೆದು ಕೊಡಿ, ಸಾಕು" ಎಂದರು.

ನನಗೆ ನೆನಪಿರಲಿಲ್ಲ. ಹಳದಿ ಎನ್ನುವುದೂ ನೆನಪಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಮನೆಯಲ್ಲಿ ನಮ್ಮವರ ಮುಂದೆ ತೋಡಿಕೊಂಡೆ. ಅವರು ಟೊಮೇಟೊ ಹೆಚ್ಚುತ್ತಿದ್ದರು, ನಿವೃತ್ತಿಯ ಮೇಲೆ ಅಡುಗೆಮನೆ ಅವರದ್ದೇ.

"ಬರದು ಕೊಡು, ಅದಕ್ಕೇನಾತು?" ಎಂದರು. "ಮುದುಕ್ರು ಖರೇನೇ ಹೇಳಾಕ್ಹತ್ಯಾರ ಅಂತ ನಿನಗ ಅನಸ್ತದಲ್ಲ? ನೋಡೀನಿ ಅಂತ ಒಂದು ಸಾಲು ಬರದ್ರ ಯಾರ ಗಂಟು ಹೋಗ್ತದ?"

"ನೋಡಿಲ್ಲರೀ ನಾ. ನೋಡಿದ್ರೂ ನೆನಪಿಲ್ಲ. ಮೂವತ್ತು ವರ್ಷ ಕಣ್ಣಿಗೆ ಕಂಡದ್ದನ್ನಷ್ಟ ಬರದೀನಿ. ಹೋಗೂ ಮುಂದ ಸುಳ್ಳು ಬರೀಲೇನು?"

"ಮತ್ತ ದೇವರನ್ನ ಗೊಬ್ಬರದಾಗ ಇಟ್ಟಿದ್ದು?"

"ಅದು ತಪ್ಪು. ಸುಳ್ಳಲ್ಲ."

ಇಷ್ಟು ಠೀವಿಯಿಂದ ಹೇಳಿದೆನೇ ಹೊರತು ಊಟ ಸೇರಲಿಲ್ಲ.

ಮರುದಿನ ದುಷ್ಮಂತ ಬಾಬು ಬಂದಾಗ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ತಲೆಯಾಡಿಸಿದರು, ಅಷ್ಟೇ. ಆ ಸಂಜೆ ಅವರ ಮಗಳಿಗೆ ಲ್ಯಾಬಿನಲ್ಲಿ ತಡವಾಗುವುದಿತ್ತು. ನಾವೂ ಅವರೂ ಎವರ್‌ಗ್ರೀನಿನವರೇ, ಮೂರು ಬೀದಿ ಆಚೆ ಈಚೆ. ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ. ಅಪರಾಧಿಯೂ ಫಿರ್ಯಾದಿಯೂ ಒಂದೇ ಗಾಡಿಯಲ್ಲಿ ಮನೆಗೆ ಹೊರಟ ಹಾಗೆ. ಫ್ರೀವೇ ಹತ್ತಿದ ಹತ್ತು ನಿಮಿಷಕ್ಕೆ ಟ್ರಾಫಿಕ್ಕು ಕಟ್ಟಿಕೊಂಡಿತು. ಮುಂದೆ ಕೆಂಪು ದೀಪಗಳ ಸಾಲು. ಏನಾದರೂ ಮಾತಾಡಬೇಕಲ್ಲ ಎಂದು, "ಅಮ್ಮನ ಹಾಡು ಒಂದು ಹೇಳಿ ಬಾಬು" ಎಂದೆ.

ಮುದುಕರು ಗಂಟಲು ಸರಿಮಾಡಿಕೊಂಡು ಮೀನಿನ ಹಾಡು ಹಾಡಿದರು. ಅತ್ತೆ ಮನೆಗೆ ಹೊಸದಾಗಿ ಬಂದ ಸೊಸೆ ಮೀನು ಅಡುಗೆ ಮಾಡಿದ ಹಾಡು. ಎರಡು ದಿನದಿಂದ ಆ ಪುಸ್ತಿಕೆಯನ್ನು ತಿರುವಿದ್ದೇ ತಿರುವಿದ್ದರಿಂದ ನನಗೆ ಅದರ ದಾರಿ ಗೊತ್ತಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ: ನಡುವಿನ ತುಂಡು ಮಾವ ತಿಂದ, ಬಾಲದ ತುಂಡು ಅತ್ತೆ ತಿಂದಳು, ಮೀನಿನ ತಲೆ ಗಂಡ ತಿಂದ. ಪುಸ್ತಕದಲ್ಲಿ ಅಲ್ಲಿಗೆ ಮುಗಿಯುತ್ತದೆ. ಬೇರೆಲ್ಲ ಪದ್ಯಕ್ಕೂ ನಾಲ್ಕು ಸಾಲು, ಇದಕ್ಕೆ ಮಾತ್ರ ಮೂರು. ಕೊನೆಯ ಸಾಲನ್ನು ಎರಡು ಸಲ ಹಾಡುತ್ತಾರೇನೋ ಎಂದು ನಾನು ಅಂದುಕೊಂಡಿದ್ದೆ.

ಅವರು ನಿಲ್ಲಿಸಲಿಲ್ಲ. ಇನ್ನೊಂದು ಸಾಲು ಹಾಡಿದರು: 'ನನ್ನ ಪಾಲಿನ ಮುಳ್ಳನ್ನು ಬೆಕ್ಕು ಕೇಳುತ್ತಿದೆ.'

"ಬಾಬು, ಈ ಸಾಲು ಪುಸ್ತಕದಲ್ಲಿ ಇಲ್ಲ!"

"ಹೇಗೆ ಇರುತ್ತೆ? ಪ್ರೆಸ್ಸಿನವನು ಜೋಡಿಸುವಾಗ ಬಿಟ್ಟುಬಿಟ್ಟ. ಅಪ್ಪನ ಕಣ್ಣಿಗೆ ಬೀಳಲಿಲ್ಲ. ಊರಿನ ಹೆಂಗಸರು ಮದುವೆಯಲ್ಲಿ ಗಂಡನ ತಲೆಯ ಸಾಲನ್ನೇ ಎರಡು ಸಲ ಹಾಡಿದ್ದು ಕೇಳಿ ಅಮ್ಮನಿಗೆ ಗೊತ್ತಾಯಿತು. ಆವತ್ತಿನಿಂದ ಸಾಯುವವರೆಗೂ ಅಪ್ಪನಿಗೆ ಮೀನಿನ ತಲೆ ಸಿಗಲಿಲ್ಲ."

ನಾನು ಎಷ್ಟು ನಕ್ಕೆನೆಂದರೆ ಹಿಂದಿನ ಕಾರಿನವನು ಹಾರನ್ನು ಹೊಡೆದ, ಮುಂದಿನವರು ಆಗಲೇ ಸಾಗಿದ್ದರು. ನಗುತ್ತಲೇ ಹೊಳೆಯಿತು. ಪುಸ್ತಕದಿಂದ ಕಲಿತವರೆಲ್ಲ ಮೂರು ಸಾಲು ಹಾಡುತ್ತಾರೆ. ನಾಲ್ಕನೆಯದು ಹಾಡು ಕಟ್ಟಿದವಳ ಅಡುಗೆಮನೆಯಲ್ಲಷ್ಟೇ ಉಳಿದ ಸಾಲು. ಅದು ಕೂತಾಗಲೇ ಪದ್ಯ ಪೂರ್ತಿಯಾಗುತ್ತದೆ, ಸೊಸೆ ಹಾಡಿನೊಳಗೆ ಬರುವುದೂ ಅಲ್ಲೇ.

ಬೆಳಗ್ಗೆ ಹೋದವಳೇ ಅನಘಾಳ ಕೋಣೆಗೆ ನುಗ್ಗಿದೆ. ಎಲ್ಲ ಹೇಳಿದೆ. ಅವಳು ಕೈಕಟ್ಟಿ, ನಗದೆ ಕೇಳಿಸಿಕೊಂಡಳು. ಡೊರೊಥಿಯ ಕುರ್ಚಿಗೇ ಏನೋ ದೋಷವಿದೆ, ಕೂತವರ ಮುಖ ಹಾಗಾಗಿಬಿಡುತ್ತದೆ.

"ಆಂಟಿ, ಇಟ್ಸ್ ಅ ಲವ್ಲಿ ಸ್ಟೋರಿ. ಬಟ್ ಪ್ರೂಫ್ ಅಲ್ಲ. ಆ ಲೈನು ಅವರೇ ಮೇಕಪ್ ಮಾಡಿರ್ಬೋದಲ್ವಾ?"

"ಮಾಡಿರ್ಬಹುದು. ಪ್ರೂಫ್ ಅಂತ ನಾನೂ ಹೇಳ್ತಿಲ್ಲ. ಗೊತ್ತಾಗಿದ್ದು ಏನು, ಯಾರು ಹೇಳಿದ್ರು, ಯಾಕೆ ನಂಬಿದ್ವಿ, ಅಷ್ಟೂ ಬರೆಯೋಣ. ಈಗಿನ ರೂಲ್ಸಲ್ಲಿ ಮೂಲ ಹೇಳಿ ಟಿಪ್ಪಣಿ ಹಾಕೋಕೆ ಜಾಗ ಇದೆ ತಾನೇ?"

"ಇದೆ. ಆದ್ರೆ ಕವರು ಯಾಕಿಲ್ಲ ಅಂತನೂ ಬರೀಬೇಕಾಗುತ್ತೆ."

"ಬರಿ. ಬೈಂಡಿಂಗಿಗೆ ಮುಂಚೆ ಈ ಗ್ರಂಥಾಲಯದ ಕ್ಯಾಟಲಾಗರ್ ಕಿತ್ತು ಹಾಕಿದಳು ಅಂತ ಬರಿ."

ಅನಘಾ ಕಟ್ಟಿದ ಕೈ ಬಿಟ್ಟಳು. "ಆಂಟಿ, ದಿಸ್ ಇಸ್ ಯುವರ್ ಲಾಸ್ಟ್ ಮಂತ್. ಇದು ಪರ್ಮನೆಂಟಾಗಿ ಇರುತ್ತೆ. ಎಲ್ಲಾ ಲೈಬ್ರರಿಯವರೂ ನೋಡ್ತಾರೆ." ಆಮೇಲೆ ಮೆಲ್ಲಗೆ ಕೇಳಿದಳು, "ಹೀಗೆ ಎಷ್ಟು ಪುಸ್ತಕದ್ದು ಕಿತ್ತಿದೀರಾ?"

ಆ ಪ್ರಶ್ನೆ ನಾನೂ ಎರಡು ದಿನದಿಂದ ಕೇಳಿಕೊಳ್ಳುತ್ತಿದ್ದೆ. ಒಂದು ಭಾಷೆ ಈಗಷ್ಟೇ ಅಚ್ಚಿಗೆ ಬರುತ್ತಿದ್ದಾಗ, ಹೆಸರು ಹೇಳಲು ಸಂಕೋಚಪಟ್ಟು ಮೂಲೆಯಲ್ಲಿ ಬರೆದುಕೊಂಡವರ ಮೂಲೆಗಳನ್ನೇ ಆರಿಸಿ ಕಿತ್ತಿದ್ದೆ, ಸ್ಕೇಲು ಇಟ್ಟು. ನಾಚಿಕೆಯಾಗುತ್ತದೆ, ಈಗಲೂ ಆಗುತ್ತದೆ. ಅನಘಾ ನನ್ನ ಮುಖ ನೋಡಿ ಎದ್ದು ಬಂದು ಭುಜದ ಮೇಲೆ ಕೈಯಿಟ್ಟಳು. "ಓಕೆ ಆಂಟಿ, ಬರೆಯೋಣ. ಆ ಪೆಟ್ಟಿಗೆಯ ಉಳಿದ ಪುಸ್ತಕಗಳಿಗೂ ಕವರ್ ರಿಮೂವ್ಡ್ ಅಂತ ನೋಟ್ ಹಾಕ್ಬಿಡಿ. ಯಾರಿಗಾದ್ರೂ ಗೊತ್ತಿದ್ರೆ ಬಂದು ಹೇಳ್ಲಿ."

ನನ್ನ ಕೊನೆಯ ತಿಂಗಳು ಅದರಲ್ಲೇ ಕಳೆಯಿತು. ಮಾಡಿದ್ದುಣ್ಣೋ ಮಹಾರಾಯ.

ಪ್ರೊಫೆಸರರ ಸಂಗತಿ ಮುಂಚೆಯೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ. ಹೆತ್ತ ಮಗ ಹೇಳಿದಾಗ ನಂಬದವರು ಅಮೆರಿಕದ ಗ್ರಂಥಾಲಯದ ಪುಟ ತೋರಿಸಿದಾಗ ನಂಬಿದರು. ಆ ಪುಟದಲ್ಲಿ ಇದ್ದದ್ದೂ ಅದೇ ಮಗನ ಮಾತು, ಜೊತೆಗೆ ನನ್ನ ತಪ್ಪೊಪ್ಪಿಗೆ. ಸುಕಾಂತಿ ದೇಯಿ ಮೊದಲ ಕವಿಗಳ ಅಧ್ಯಾಯಕ್ಕೆ ಸೇರಿದರು, ನಾಲ್ಕನೆಯ ಸಾಲಿನ ಸಮೇತ. ಬರೆದದ್ದನ್ನು ಜನ ಎಷ್ಟು ನಂಬುತ್ತಾರೆ ಎನ್ನುವುದು ಈ ಕೆಲಸದಲ್ಲಿ ನಿಮ್ಮನ್ನು ಹೆದರಿಸಬೇಕು, ಹೆದರಿಸದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ.

ಆದರೆ ನನ್ನ ಕಣ್ಣ ಮುಂದೆ ಇರುವುದು ಆ ದಾಖಲೆ ತಿದ್ದಿದ ದಿನ. ದುಷ್ಮಂತ ಬಾಬು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅನಘಾ ನಿಂತಿದ್ದಳು. ಒಡಿಯಾ ಲಿಪಿಯಲ್ಲಿ ಟೈಪು ಮಾಡುವುದು ನನಗೆ ಇವತ್ತಿಗೂ ಒಂದೇ ಬೆರಳಿನ ಕೆಲಸ. ನನ್ನ ಒದ್ದಾಟ ನೋಡಲಾರದೆ ಅನಘಾ, "ನಾನು ಪೇಸ್ಟ್ ಮಾಡ್ತೀನಿ ಆಂಟಿ, ಟೂ ಸೆಕೆಂಡ್ಸ್" ಎಂದು ಕೈ ಚಾಚಿದಳು. ಮುದುಕರು ಅವಳ ಕೈ ತಡೆದರು. "ಇವರೇ ಬರೆಯಲಿ" ಎಂದರು.

ಬರೆದೆ. ಸು. ಕಾ. ನ್ತಿ. 'ಕರ್ತೃ ತಿಳಿದಿಲ್ಲ' ಇದ್ದ ಜಾಗದಲ್ಲಿ ಮೂರು ಅಕ್ಷರ ದುಂಡಗೆ ಬಂದು ಕೂತವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನೋಡಿದರು.

"ಅಮ್ಮನಿಗೆ ಓದು ಬರುತ್ತಿರಲಿಲ್ಲ, ತಾಯಿ" ಎಂದರು. "ಅವಳು ಹೇಳಿದ್ದನ್ನು ಅಪ್ಪ ಬರೆದುಕೊಂಡದ್ದು. ಪುಸ್ತಕ ಮನೆಗೆ ಬಂದ ದಿನ ಅಪ್ಪ ಅವಳಿಗೆ ಈ ಮೂರು ಅಕ್ಷರ ಮಾತ್ರ ಗುರುತು ಹಿಡಿಯಲು ಕಲಿಸಿದರು. ಕೆಲಸ ಮುಗಿದ ಮೇಲೆ ದಿನಾ ಆ ಹಳದಿ ಹಾಳೆಯನ್ನು ನೋಡುತ್ತ ಕೂರುತ್ತಿದ್ದಳು. ಒಳಗಿನ ಪುಟ ಒಂದು ದಿನವೂ ತೆರೆಯಲಿಲ್ಲ. ಅದೆಲ್ಲ ಅವಳಿಗೆ ಬಾಯಿಗೆ ಬರುತ್ತಿತ್ತಲ್ಲ."

ನನಗೆ ದುಃಖ ಒತ್ತಿ ಬಂತು. ತಡೆಯಲು ಹೋಗಲಿಲ್ಲ. "ಬಾಬು, ನಾನು ಕಿತ್ತು ಬಿಸಾಡಿದ್ದು ಅದೇ ಹಾಳೆ" ಎಂದೆ.

"ಗೊತ್ತು, ತಾಯಿ" ಎಂದರು. "ಅದಕ್ಕೇ ನಿಮ್ಮ ಕೈಯಿಂದಲೇ ಬರೆಸಿದೆ."